ಬಾಲಿಗಂಜಿನ ತಾರಸಿಯಲ್ಲಿ ಕಾವಿಗೆ ಕೂತ ಹೇಂಟೆ

ಕಲ್ಕತ್ತೆಯ ಫ್ಲ್ಯಾಟಿನಲ್ಲಿ ಕೋಳಿ ಸಾಕುವವರಿಗೆ ಎದೆ ಗಟ್ಟಿಯಿರಬೇಕು. ಒಂದು ಆಘಾತದಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ತಯಾರು. ನಮ್ಮವರಿಗೆ ಬ್ಯಾಂಕಿನಿಂದ ಇಲ್ಲಿಗೆ ವರ್ಗವಾಗಿ, ಬಾಲಿಗಂಜಿನಲ್ಲಿ ತಾರಸಿಯಿದ್ದ ಮನೆ ಸಿಕ್ಕಿತ್ತು. ಕುಂದಾಪುರದ ಅಭ್ಯಾಸ ಬಿಡಲಾರದೆ ನಾನು ಒಂದು ಹೇಂಟೆ ತಂದೆ.

ಪೆಟ್ಟಿಗೆ ಬಿಟ್ಟು ಏಳುವುದಿಲ್ಲ

ಮನೆಮನೆಗೂ ಕಂಪ್ಯೂಟರ್ ಬರುತ್ತಿದ್ದ ಕಾಲ ಅದು. ಮಗಳಿಗೆ ತಂದ ಕಂಪ್ಯೂಟರಿನ ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ದಿನ ಹೇಂಟೆ ಹೋಗಿ ಕೂತಿತು. ಏನು ಮಾಡಿದರೂ ಏಳಲಿಲ್ಲ. ಗಾಬರಿಯಾಗಿ ಊರಿಗೆ ಫೋನು ಮಾಡಿದೆ.

"ಅಮ್ಮಾ, ಸರಿಯಾಗಿ ಊಟ ಇಲ್ಲ, ನೀರಿಲ್ಲ. ಹತ್ತಿರ ಹೋದರೆ ಗುರ್ ಅನ್ನುವುದು! ಕಂಪ್ಯೂಟರಿನ ಪೆಟ್ಟಿಗೆ ಬಿಟ್ಟು ಏಳುವುದೇ ಇಲ್ಲ."

ಅಮ್ಮ ಅಳುವ ದನಿಯಲ್ಲಿ ಕೇಳಿದಳು, "ಅಯ್ಯೋ ದೇವರೇ, ಅಳಿಯಂದಿರಿಗೆ ಯಾವಾಗಿಂದ ಹೀಗೆ?"

ಬಸ್ಸಿನಲ್ಲಿ ಎದೆನೋವು

ಕೋಳಿಯ ವಿಷಯವೆಂದು ತಿಳಿದ ಮೇಲೆ ಅಮ್ಮ ನಿರಾಳವಾದಳು. "ಕಾವಿಗೆ ಕೂತದ್ದು ಮಾರಾಯ್ತಿ. ಹುಂಜ ಇಲ್ಲದೆ ನಿನ್ನ ಮೊಟ್ಟೆ ಮರಿಯಾಗುವುದಿಲ್ಲ. ಹುಂಜ ಇರುವ ಮನೆಯಿಂದ ತಂದು ಇಡು."

ನಮ್ಮವರು ಊರ ಹೊರಗಿನ ಜೋಕಾದ ಕಡೆ ಹೋಗಿ ಮೊಟ್ಟೆ ತಂದರು. ತಣ್ಣಗಾಗಬಾರದೆಂದು ಅಂಗಿಯೊಳಗೆ ಕಟ್ಟಿಕೊಂಡು, ಎದೆ ಹಿಡಿದು ಬಸ್ಸಿನಲ್ಲಿ ನಿಂತಿದ್ದರಂತೆ. ಸೆಕೆಗೆ ಬೆವರು ಬೇರೆ. ಜನ ಹೌಹಾರಿ ಸೀಟಿನ ಮೇಲೆ ಮಲಗಿಸಿದರು. ಒಬ್ಬರು ಎದೆ ಒತ್ತಲು ಬಂದರು.

"ಒತ್ತಬೇಡಿ, ಒಡೆದುಹೋಗುತ್ತದೆ!" ಎಂದು ಇವರು ಕಿರುಚಿದರು.

ಹಿಂದಿನ ಸೀಟಿನ ಅಜ್ಜಿ ಕಣ್ಣೊರೆಸಿಕೊಂಡು ಅಂದಳಂತೆ, "ಪಾಪ, ಯಾರೋ ಹುಡುಗಿ ಕೈಕೊಟ್ಟಿರಬೇಕು."

ಚಪ್ಪಟೆ ಮೂತಿ

ಮೂರು ವಾರ ಕಳೆದರೂ ಮೊಟ್ಟೆ ಒಡೆಯಲಿಲ್ಲ. ಎಸೆದುಬಿಡೋಣ ಅಂತ ಹೋದರೆ ಹೇಂಟೆ ನನ್ನ ಕೈಯಿಂದ ರಕ್ತ ತೆಗೆಯಿತು. ಬಡಕಲಾದರೂ ಪಟ್ಟು ಬಿಡಲಿಲ್ಲ. ನನಗೇ ಸಂಕಟವಾಗಿ ಸುಮ್ಮನಾದೆ.

ಇನ್ನೊಂದು ವಾರಕ್ಕೆ ಮರಿಗಳು ಬಂದವು. ನೋಡಿದವಳೇ ಕೂಗಿಕೊಂಡೆ. ಮೂತಿ ಚಪ್ಪಟೆ, ಬೆರಳುಗಳ ನಡುವೆ ಚರ್ಮ!

"ಮಮ್ಮಿ, ಇದು ಡಕ್!" ಅಂದಳು ಮಗಳು. "ಬಂಗಾಳಿಯಲ್ಲಿ ಹಾಂಶ್. ಪಪ್ಪಾ, ಮೊಟ್ಟೆಯವನು ಹೇಳಲಿಲ್ವಾ?"

ನಮ್ಮವರು ಬಿಳಿಚಿಕೊಂಡರು. "ಹಾಂಶ್, ಹಾಂಶ್ ಅಂತ ಹೇಳುತ್ತಲೇ ಇದ್ದ. ಹಿಂದಿಯಲ್ಲಿ ನಗು ಅಂತ ಹೇಳುತ್ತಿದ್ದಾನೆ ಅಂದುಕೊಂಡು ನಾನು ನಗುತ್ತಲೇ ಇದ್ದೆ."

ಟಬ್ಬಿನಲ್ಲಿ ಅನಾಹುತ

ಒಂದು ಭಾನುವಾರ ಬಟ್ಟೆ ನೆನೆಸಲೆಂದು ತಾರಸಿಯ ದೊಡ್ಡ ಟಬ್ಬಿಗೆ ನೀರು ತುಂಬಿಸಿದ್ದೆ. ಮರಿಗಳು ಪಕ್ಕದ ಇಟ್ಟಿಗೆ ಹತ್ತಿ ಒಂದೊಂದಾಗಿ ಒಳಗೆ ಹಾರಿದವು. ಹೇಂಟೆಯ ಜೀವವೇ ಹೋಯಿತು. ಟಬ್ಬಿನ ಸುತ್ತ ಓಡಿ, ಕೂಗಿ, ರೆಕ್ಕೆ ಬಡಿದು, ಕೊನೆಗೆ ಮಕ್ಕಳನ್ನು ಉಳಿಸಲು ತಾನೇ ನೀರಿಗೆ ಬಿತ್ತು. ಈಜು ಬಾರದ ಹೇಂಟೆಯನ್ನು ಎತ್ತಲು ನಮ್ಮವರು ಓಡಿದರು. ಪಾಚಿಯ ಮೇಲೆ ಕಾಲು ಜಾರಿ ತಲೆಕೆಳಗಾಗಿ ಟಬ್ಬಿಗೇ ಬಿದ್ದರು. ಹೇಂಟೆ ಅವರ ಬೆನ್ನು ಹತ್ತಿ, ಅಲ್ಲಿಂದ ನೆಲಕ್ಕೆ ಹಾರಿ ಬಚಾವಾಯಿತು.

ನನ್ನ ಕಿರುಚಾಟಕ್ಕೆ ನಾವು ಮಾಶಿಮಾ ಎಂದು ಕರೆಯುತ್ತಿದ್ದ ಕೆಳಮನೆಯ ಬಂಗಾಳಿ ಹೆಂಗಸು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ಕೀ ಹೋಲೋ? ಏನಾಯಿತು? ಮರಿಗಳು ಮುಳುಗಿದವಾ?"

ಮಗಳು ಶಾಂತವಾಗಿ ಉತ್ತರಿಸಿದಳು, "ಮರಿಗಳಿಗೆ ಈಜು ಬರುತ್ತೆ ಮಾಶಿಮಾ. ಮುಳುಗಿದ್ದು ಪಪ್ಪ."