ಭರತೇಶನ ಹೊಸ ಲೆನ್ಸಿನಲ್ಲಿ ಜೀವವಿಲ್ಲ

ಸಿರಿವಂತರನ್ನು ಕಂಡು ನನಗೆ ಎಂದೂ ಹೊಟ್ಟೆಕಿಚ್ಚಾಗಿಲ್ಲ. ನಮ್ಮ ಗೋಕಾಕದಲ್ಲಿ ಯಾರಾದರೂ ಮೂರಂತಸ್ತಿನ ಮನೆ ಕಟ್ಟಿಸಿದರೆ ಗೃಹಪ್ರವೇಶಕ್ಕೆ ಹೋಗಿ, ಎರಡು ಸಲ ಹೋಳಿಗೆ ಹಾಕಿಸಿಕೊಂಡು, ಮನಸಾರೆ ಹರಸಿ ಬರುವವನು ನಾನು. ಆದರೆ ನಾನೇ ಕೈಹಿಡಿದು ಕಲಿಸಿದವನು ನನಗಿಂತ ಒಂದು ಬೆರಳು ಮುಂದೆ ಹೋದನೆಂದರೆ, ಎದೆಯ ಕೆಳಗೆ, ಹೊಟ್ಟೆಯ ಮೇಲೆ, ಯಾವ ಡಾಕ್ಟರಿಗೂ ಬೊಟ್ಟು ಮಾಡಿ ತೋರಿಸಲಾಗದ ಜಾಗದಲ್ಲಿ ಏನೋ ಉರಿಯತೊಡಗುತ್ತದೆ. ಹೆಂಡತಿ ಶಾರದೆ ಇದನ್ನು ಪಿತ್ತವೆಂದು ತಿಳಿದು ಜೀರಿಗೆ ನೀರು ಕೊಡುತ್ತಾಳೆ. ನಾನೂ ಪಿತ್ತವೆಂದೇ ನಟಿಸಿ ಕುಡಿಯುತ್ತೇನೆ.

ನನ್ನದು ಕನ್ನಡಕದ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಮಂದಿಯ ಕಣ್ಣಿಗೆ ಗಾಜು ಬದಲಿಸುತ್ತ, "ಇದರಾಗ ಚೊಲೊ ಕಾಣತೈತೋ, ಇದರಾಗೋ?" ಎಂದು ಕೇಳುವುದೇ ಕೆಲಸ. ಕಲ್ಲೋಳಿಯ ಅಜ್ಜಿಯೊಬ್ಬಳು ಒಮ್ಮೆ, "ಎರಡರಾಗೂ ನೀನ ಕಾಣಾಕತ್ತಿ, ಅದರಾಗ ಚೊಲೊ ಏನ ಬಂತೋ ತಮ್ಮಾ?" ಅಂದಿದ್ದಳು. ಇಂಥ ಮಾತು ಕೇಳಿದ ಮೇಲೆ ಮನುಷ್ಯನಿಗೆ ಒಂದು ಹವ್ಯಾಸ ಬೇಕಾಗುತ್ತದೆ. ನನ್ನದು ರೇಂಜ್‌ಫೈಂಡರ್ ಕ್ಯಾಮೆರಾ. ಇದರ ಸಣ್ಣ ಕಿಟಕಿಯಲ್ಲಿ ಕಣ್ಣಿಟ್ಟರೆ ಎದುರಿನವರು ಎರಡೆರಡಾಗಿ ಕಾಣುತ್ತಾರೆ. ಲೆನ್ಸು ತಿರುವುತ್ತ ಹೋಗಿ ಆ ಎರಡನ್ನೂ ಒಂದು ಮಾಡಿದಾಗಲೇ ಫೋಕಸ್. ಅದಕ್ಕೆ ನಾನು ಹಾಕಿಕೊಂಡದ್ದು ಒಂದು ಫಾಸ್ಟ್ ಲೆನ್ಸು. ಅಂದರೆ ಅದು ಓಡುತ್ತದೆಂದಲ್ಲ. ಮಬ್ಬು ಬೆಳಕಿನಲ್ಲೂ ತಡವರಿಸದೆ ಚಿತ್ರ ತೆಗೆಯುತ್ತದೆ. ಹತ್ತು ವರ್ಷ ಅದು ನನ್ನ ಹೆಮ್ಮೆಯಾಗಿತ್ತು.

ಭರತೇಶ ಹುಕ್ಕೇರಿಯ ಅರಿವೆ ಅಂಗಡಿಯವನು. ನಲವತ್ತರ ಆಸುಪಾಸು. ಚಷ್ಮಾ ಮಾಡಿಸಲು ಬಂದವನು ನನ್ನ ಕ್ಯಾಮೆರಾ ನೋಡಿ ಶಿಷ್ಯನಾಗಿ ಹೋದ. ಅವನನ್ನು ಮೂಡಲಗಿಯ ದನದ ಸಂತೆಗೆ ಕರೆದೊಯ್ದು, ಎತ್ತಿನ ಕೊಂಬಿಗೆ ಫೋಕಸ್ ಮಾಡಬೇಕೋ ಕಣ್ಣಿಗೋ ಎಂದು ಪಾಠ ಹೇಳಿದವನು ನಾನು. ಅಂಥವನು ಒಂದು ದಿನ ವಾಟ್ಸಾಪಿನಲ್ಲಿ ಬರೆದ: "ಸರ್ರ, ಹೊಸಾ ಲೆನ್ಸ್ ಬಂತ್ರಿ. ಮೊದಲನೇ ಫೋಟೊ ನಿಮಗ." ಅದು ನನ್ನ ಲೆನ್ಸೇ, ಆದರೆ ಕಂಪನಿಯವರು ಹೊಸದಾಗಿ ತಿದ್ದಿ ಮಾಡಿದ್ದು. ನನ್ನದು ಎದುರಿನವರ ಮುಖದಿಂದ ಒಂದು ಹೆಜ್ಜೆ ಹಿಂದೆಯೇ ನನ್ನನ್ನು ನಿಲ್ಲಿಸುತ್ತದೆ, ಇನ್ನೂ ಸಮೀಪ ಹೋದರೆ ಫೋಕಸ್ ಆಗುವುದಿಲ್ಲ, ದೀಪದ ಸುತ್ತ ಮಂಜು ಕಟ್ಟುತ್ತದೆ. ಹೊಸದಕ್ಕೆ ಆ ಎರಡೂ ದೋಷವಿಲ್ಲ. ಫೋಟೊದಲ್ಲಿ ಅವನ ತಾಯಿ, ನಾನು ಕಾಕು ಎಂದು ಕರೆಯುವವರು, ಅಂಗಡಿಯ ಮೂಲೆಯಲ್ಲಿ ಕೂತಿದ್ದರು. ಎಷ್ಟು ಸಮೀಪದಿಂದ ತೆಗೆದಿದ್ದನೆಂದರೆ, ಮುರಿದ ಕನ್ನಡಕದ ಕಾಲಿಗೆ ಸುತ್ತಿದ ದಾರದ ಗಂಟು ಕೂಡ ಕಾಣುತ್ತಿತ್ತು. ಆ ಕನ್ನಡಕ ನನ್ನ ಅಂಗಡಿಯದು!

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಗಿರಾಕಿಯ ಕಣ್ಣು ನೋಡುವಾಗಲೂ ಹಳೆಯದು-ಹೊಸದರ ತೂಕವೇ ತಲೆಯಲ್ಲಿ. ಕಡೆಗೆ ಶಾರದೆಯ ಮುಂದೆ ಹೊಸ ಲೆನ್ಸು ಕೊಳ್ಳುವ ವಿಷಯ ತೆಗೆದೆ.

"ಹಳೇದು ಒಡದೈತೇನ್ರಿ?"

"ಇಲ್ಲ. ಹೊಸಾದು ಇನ್ನಷ್ಟು ಸಮೀಪ ಹೋಗತೈತಿ."

"ಈ ವಯಸ್ನ್ಯಾಗ ಯಾರ ಸಮೀಪ ಹೋಗಬೇಕಾಗೈತಿ ನಿಮಗ?"

ಮೊದಲು ಅದನ್ನು ಕೈಯಾರೆ ಹಿಡಿದು ನೋಡಿಯೇ ಬಿಡೋಣವೆಂದುಕೊಂಡೆ. ಅರ್ಧ ಕೆಜಿ ಕರದಂಟು ಕಟ್ಟಿಸಿಕೊಂಡು, ಕಾಕುನ ಕನ್ನಡಕದ ಕಾಲು ರಿಪೇರಿ ಮಾಡುವ ನೆಪ ಹೂಡಿ, ಹುಕ್ಕೇರಿಗೆ ಗಾಡಿ ಬಿಟ್ಟೆ.

ಕಾಕು ಬಹಳ ಸಂತೋಷಪಟ್ಟರು. "ಇಷ್ಟಕ್ಕಾಗಿ ಅಷ್ಟು ದೂರದಿಂದ ಬಂದೀಯಲ್ಲಪ್ಪಾ" ಎಂದು ಚಹಾ ತರಿಸಿದರು. ನಾನು ತಿರುಪು ಬಿಗಿಯುತ್ತಿದ್ದರೂ ಕಣ್ಣೆಲ್ಲ ಗಲ್ಲಾದ ಮೇಲಿದ್ದ ಲೆನ್ಸಿನ ಕಡೆಗೇ ಇತ್ತು. ಭರತೇಶ ಅದನ್ನು ತಾನೇ ನನ್ನ ಕ್ಯಾಮೆರಾಕ್ಕೆ ಹಾಕಿಕೊಟ್ಟ. ಸೀರೆಯ ಅಂಚು, ಅಳತೆಯ ಪಟ್ಟಿ, ಕಾಕುನ ಕೈಬಳೆ ಎಲ್ಲವನ್ನೂ ತೆಗೆದೆ. ಒಂದಾದರೂ ಕೆಟ್ಟು ಬರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಒಂದೂ ಕೆಡಲಿಲ್ಲ.

"ಹೆಂಗೈತ್ರಿ ಸರ್ರ? ಖರೆ ಹೇಳ್ರಿ," ಎಂದು ಅವನು ನನ್ನ ಮುಖವನ್ನೇ ನೋಡುತ್ತ ನಿಂತ.

ಖರೆ ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಹೊಟ್ಟೆಯ ಮೇಲಿನ ಆ ಜಾಗ ನನಗಿಂತ ಮೊದಲು ಮಾತಾಡಿತು. "ಚೊಕ್ಕ ಐತಿ ಭರತೇಶ. ಆದ್ರ ಜೀವ ಇಲ್ಲೋ. ಎಲ್ಲಾ ತೋರಸ್ತೈತಿ, ಏನೂ ಹೇಳೂದಿಲ್ಲ."

ನನ್ನ ಮಾತು ನನಗೇ ಬಹಳ ಗಂಭೀರವಾಗಿ ಕೇಳಿಸಿತು. ಭರತೇಶನ ಮುಖ ಮಾತ್ರ ಬಾಡಿತು. "ಹಂಗಂತೀರೇನ್ರಿ..." ಎಂದು ಲೆನ್ಸನ್ನು ಮೆಲ್ಲಗೆ ಡಬ್ಬಿಯೊಳಗಿಟ್ಟ. ಮನೆಗೆ ಬಂದವನೇ ಶಾರದೆಗೆ ಹೇಳಿದೆ: "ಆ ಲೆನ್ಸ್ ತಗೊಳ್ಳಾಕ ಬೇಕು. ಭಾಳ ಚೊಲೊ ಐತಿ."

ಎರಡು ವಾರ ಕಳೆದಿರಬೇಕು. ಮಧ್ಯಾಹ್ನ ಶಾರದೆ ಅಂಗಡಿಗೆ ಬುತ್ತಿ ತಂದಿದ್ದಳು. ಭರತೇಶ ನಗುನಗುತ್ತ ಒಳಗೆ ಬಂದ. ಹೊಸ ಲೆನ್ಸನ್ನು ಸಂಕೇಶ್ವರದಲ್ಲಿ ಮದುವೆ ಫೋಟೊ ತೆಗೆಯುವವನೊಬ್ಬನಿಗೆ ಮಾರಿಬಿಟ್ಟಿದ್ದ. ಹುಡುಕಿ ಹುಡುಕಿ ನನ್ನದರಂಥದೇ ಹಳೆಯದೊಂದನ್ನು ತರಿಸಿಕೊಂಡಿದ್ದ.

ಬಿಚ್ಚುತ್ತಿದ್ದ ಬುತ್ತಿಯನ್ನು ಬದಿಗಿಟ್ಟು ಕೇಳಿದೆ: "ಮಾರೂ ಮುಂದ ನನಗೊಂದ ಮಾತು ಕೇಳಬಾರದೇನೋ?"

"ನಿಮಗರೀ?" ಅವನು ಕಿವಿ ಮುಟ್ಟಿಕೊಂಡ. "ಜೀವ ಇಲ್ಲದ್ದನ್ನ ನಿಮಗ ಹೆಂಗ ಕೊಡ್ಲಿ ಸರ್ರ? ಅಷ್ಟು ಕೆಟ್ಟ ಮನಿಶಾ ಅಲ್ರಿ ನಾ."

ಶಾರದೆ ಸೆರಗನ್ನು ಬಾಯಿಗೊತ್ತಿಕೊಂಡು ಫ್ರೇಮಿನ ಕಪಾಟಿನ ಹಿಂದೆ ಹೋದಳು. ಬಹಳ ಹೊತ್ತು ಬರಲೇ ಇಲ್ಲ.

ಇವತ್ತು ನಿಜ ಹೇಳಿಬಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ಅವನು ಚೀಲದಿಂದ ಒಂದು ದೊಡ್ಡ ಪ್ರಿಂಟು ತೆಗೆದು ಟೇಬಲ್ಲಿನ ಮೇಲೆ ಹರಡಿದ. ದಡ್ಡಿ ಊರಿನ ಹೊಳೆದಂಡೆ. ಒಬ್ಬ ಹೆಣ್ಣುಮಗಳು ಎಮ್ಮೆಯ ಬೆನ್ನು ತಿಕ್ಕುತ್ತಿದ್ದಾಳೆ, ನೀರಿನ ಮೇಲೆ ಬಿಸಿಲು. ನಾನು ದೋಷವೆಂದು ಬೈದ ಅದೇ ಮಂಜು ಇಲ್ಲಿ ಎಮ್ಮೆಯ ಉಸಿರಿನಂತೆ, ಬೆಚ್ಚಗೆ, ಆ ಇಬ್ಬರನ್ನೂ ಸುತ್ತಿಕೊಂಡಿತ್ತು. ನನ್ನಲ್ಲಿರುವಂಥದೇ ಲೆನ್ಸು. ಅದೇ ಹೊಳೆಗೆ ನಾನು ಎಷ್ಟು ಸಲ ಹೋಗಿಲ್ಲ! ಇನ್ನು ಹೊಟ್ಟೆಕಿಚ್ಚು ಪಡಲು ಲೆನ್ಸಿನ ನೆಪವೂ ಉಳಿಯಲಿಲ್ಲ. ಕಿಚ್ಚು ಮಾತ್ರ ಉಳಿಯಿತು.

"ನೀವು ಅವತ್ತ ಹೇಳಿದ್ದು ಮನಸಿಗೆ ನಾಟಿತ್ರಿ," ಅಂದ ಭರತೇಶ. "ಇದರಾಗ ಏನರ ತಪ್ಪಿದ್ರ ಹೇಳ್ರಿ ಸರ್ರ. ನೀವ ಹೇಳಲಿಲ್ಲಂದ್ರ ಯಾರು ಹೇಳ್ತಾರ?"

ಪ್ರಿಂಟನ್ನು ಬಾಗಿಲ ಬೆಳಕಿಗೆ ಒಯ್ದೆ. ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ. ಮೂಲೆ ಮೂಲೆ ಹುಡುಕಿದೆ. ತಪ್ಪಿರಲಿಲ್ಲ. ಅವನು ಕೈಕಟ್ಟಿ ಕಾಯುತ್ತಿದ್ದ. ಕಪಾಟಿನ ಹಿಂದಿನಿಂದ ಶಾರದೆಯೂ ಇಣುಕುತ್ತಿದ್ದಳು.

"ಎಲ್ಲಾ ಚೊಲೊ ಐತಿ," ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರ ಒಂಚೂರು ಎಡಕ್ಕ ವಾಲೈತಿ ನೋಡು."

ಭರತೇಶ ಪ್ರಿಂಟು ಇಸಿದುಕೊಂಡು, ಕುತ್ತಿಗೆ ಓರೆ ಮಾಡಿ, ಒಂದು ನಿಮಿಷ ದಿಟ್ಟಿಸಿದ. ಆಮೇಲೆ ಅವನ ಮುಖ ಅರಳಿತು. "ಹೌದಲ್ರಿ ಸರ್ರ! ನನಗ ಕಂಡಿರಲೇ ಇಲ್ಲ ನೋಡ್ರಿ!"

ಚಿತ್ರ ನೆಟ್ಟಗೇ ಇತ್ತು.