ಹಿತ್ತಲ ಹಣ್ಣೂ ಹೆಮ್ಮೆಯ ನಾಲಿಗೆಯೂ

ಹೊಸ ಮನೆಯ ಬೀಗದ ಕೈ ಕೊಡುವಾಗ ಹಳೇ ಯಜಮಾನಿ ಅಜ್ಜಿ, "ಹಿತ್ತಲಲ್ಲಿ ಎಲ್ಲೆಲ್ಲಿಂದಲೋ ತಂದ ಹಣ್ಣಿನ ಗಿಡ ಇದಾವೆ ಕಣಪ್ಪ, ಒಂದೊಂದರ ಗುಣ ಹೇಳ್ಬಿಡ್ತೀನಿ" ಎಂದು ಶುರು ಮಾಡಿದರು. ನಾನು ಕೈಯೆತ್ತಿ ತಡೆದೆ.

"ಬೇಡ ಅಜ್ಜಿ. ನಾನೇ ತಿಂದು ಕಂಡುಹಿಡೀತೀನಿ. ನನ್ನ ನಾಲಿಗೆ ಇರೋದೇ ಅದಕ್ಕೆ."

ಇದು ಬರಿಯ ಬಡಾಯಿ ಅಲ್ಲ ಸ್ವಾಮಿ! ನಾನು ಟೀ ಕಂಪನಿಯಲ್ಲಿ ರುಚಿ ನೋಡುವವನು. ದಿನಕ್ಕೆ ಇನ್ನೂರು ಬಟ್ಟಲು ಟೀಯನ್ನು ಚಮಚದಲ್ಲಿ ಸೊರ್ ಎಂದು ಎಳೆದು, ಬಾಯಿಯ ಮೂಲೆಮೂಲೆಗೂ ತಿರುಗಿಸಿ, ಉಗಿದು ತೀರ್ಪು ಕೊಡುವುದು ನನ್ನ ಉದ್ಯೋಗ. ಮನೆಯಲ್ಲೂ ಅದೇ ಶಾಸನ: ಅಡುಗೆ ಹೆಂಡತಿಯದು, ರುಚಿ ನನ್ನದು. ಒಲೆಯ ಮುಂದೆ ಅವಳು ರುಚಿ ನೋಡಕೂಡದು. ಒಂದು ಮನೆಗೆ ಎರಡು ನಾಲಿಗೆಯಾದರೆ ತೀರ್ಪು ಕೆಡುತ್ತದೆ. ಹದಿಮೂರು ವರ್ಷದಿಂದ ಪ್ರತಿ ಊಟಕ್ಕೂ ಉಪ್ಪು ಒಂದು ಕಾಳು ಹೆಚ್ಚು, ಹುಳಿ ಅರ್ಧ ಹನಿ ಕಡಿಮೆ ಎಂದು ಹೇಳುತ್ತ ಬಂದಿದ್ದೇನೆ. ಹೊಗಳಿದ್ದು ಮಾತ್ರ ಇಲ್ಲ. ಹೊಗಳಿದರೆ ಕೈ ಕೆಡುತ್ತದೆ ಎಂಬುದು ನನ್ನ ಸಿದ್ಧಾಂತ.

ಹೊಸ ಮನೆಯ ಮೊದಲ ಭಾನುವಾರ. ಸಂಜೆ ನಾಲ್ಕಕ್ಕೆ, ಮೂರು ಕಚೇರಿಗಳ ಕ್ಯಾಂಟೀನ್ ನಡೆಸುವ ಕಂಟ್ರಾಕ್ಟರು ನನ್ನ ಹೆಂಡತಿಯ ನಿಂಬೆ ಷರಬತ್ತು ಕುಡಿದು ನೋಡಲು ಬರುವವರಿದ್ದರು. ಎರಡು ವರ್ಷದಿಂದ ಅಕ್ಕಪಕ್ಕದವರಿಗೆ ಬಾಟಲಿ ತುಂಬಿ ಕೊಡುತ್ತಿದ್ದವಳಿಗೆ ಒಪ್ಪಿಗೆಯಾದರೆ ಇದೇ ಮೊದಲ ದೊಡ್ಡ ಆರ್ಡರು. ಬೆಳಗಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಾನು ಊಟಕ್ಕೆ ಮುಂಚೆ ಹಿತ್ತಲಿಗೆ ಇಳಿದೆ. ಆಹಾ, ಏನು ಸಾಮ್ರಾಜ್ಯ! ಒಂದು ಮರದ ಹಣ್ಣುಗಳು ಕೊಂಬೆ ಬಿಟ್ಟು ಕಾಂಡಕ್ಕೇ ಕಪ್ಪು ಗುಂಡಿ ಹೊಲಿದ ಹಾಗೆ ಅಂಟಿಕೊಂಡಿದ್ದವು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಐದು ಏಣಿನ ಹಳದಿ ಕಾಯಿ ಜೋತಾಡುತ್ತಿದ್ದವು. ಕಾಂಪೌಂಡಿನ ಮೂಲೆಯ ಪೊದೆಯ ತುಂಬ ಬೆರಳ ತುದಿಯಷ್ಟು ಕೆಂಪು ಹಣ್ಣು. ಅಡುಗೆಮನೆ ಕಿಟಕಿಯಿಂದ ಹೆಂಡತಿ, ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಬೇಡಿ ಎಂದಳು.

"ಹಿತ್ತಲ ಗಿಡ ಮದ್ದಲ್ಲ ಅಂತಾರೆ. ವಿಷ ಅಂತ ಯಾರೂ ಅಂದಿಲ್ಲ" ಎಂದು ಕೆಂಪು ಹಣ್ಣನ್ನು ಬಾಯಿಗೆ ಹಾಕಿ, ವೃತ್ತಿಧರ್ಮದಂತೆ ಮೂಲೆಮೂಲೆಗೂ ತಿರುಗಿಸಿದೆ. ರುಚಿಯೇ ಇಲ್ಲ. ನಪಾಸು! ಆದರೂ ಅನ್ಯಾಯವಾಗಬಾರದೆಂದು ಇನ್ನೂ ಐದಾರು ತಿಂದು, ಒಂದು ಹಿಡಿ ಜೇಬಿಗೆ ಇಳಿಸಿದೆ. ಆಮೇಲೆ ಐದು ಏಣಿನ ಕಾಯಿ ಕಚ್ಚಿದೆ. ಅಬ್ಬಬ್ಬಾ, ಜೇನು! ಕಂಟ್ರಾಕ್ಟರಿಗೂ ಇರಲಿ ಎಂದು ತಟ್ಟೆ ತುಂಬ ಹೆಚ್ಚಿಟ್ಟೆ.

ಊಟಕ್ಕೆ ಕೂತೆ. ಮನೆ ಸಾಮಾನು ಬಿಚ್ಚುವ ಗಡಿಬಿಡಿಯಲ್ಲಿ ಎರಡು ದಿನ ಹೊರಗೇ ಉಳಿದಿದ್ದ ಮೊಸರು. ಒಂದು ತುತ್ತು ಬಾಯಿಗಿಟ್ಟದ್ದೇ ತಡ, ನನ್ನ ಸಿದ್ಧಾಂತ ಮಣ್ಣುಪಾಲಾಯಿತು.

"ಇಂಥ ಮೊಸರು ನಾನು ಜನ್ಮದಲ್ಲಿ ತಿಂದಿಲ್ಲ ಕಣೇ."

ಅವಳ ಕೈಯ ಸೌಟು ಗಾಳಿಯಲ್ಲೇ ನಿಂತಿತು. ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಮುಖ ಕೆಂಪಾಗಿ, ತಿರುಗಿಕೊಂಡು, ಏನೋ ಗುನುಗುತ್ತ ನಿಂಬೆ ಹಿಂಡತೊಡಗಿದಳು.

ಮೂರು ಗಂಟೆಗೆ ಷರಬತ್ತಿನ ಪರೀಕ್ಷೆ. ಅದುವರೆಗೂ ನನ್ನ ಕೈ ಜೇಬಿಗೂ ಬಾಯಿಗೂ ಓಡಾಡುತ್ತಲೇ ಇತ್ತು. ಸೊರ್ ಎಂದು ಎಳೆದೆ. ಬರೀ ಸಕ್ಕರೆ ಪಾಕ! ಇದನ್ನು ಇರುವೆಗೆ ಹಾಕು, ಮನುಷ್ಯರಿಗಾದರೆ ಇನ್ನಷ್ಟು ನಿಂಬೆ ಹಿಂಡು ಎಂದೆ. ಆರು ಹಿಂಡಿದಳು. ಸಿಹಿ! ಹನ್ನೆರಡು ಹಿಂಡಿದಳು. ಆಗಲೂ ಸಿಹಿ! ಪಾತ್ರೆ ಸಾಲದೆ ಹೊಸ ಬಕೆಟ್ಟಿಗೆ ಸುರಿದೆವು. ಮನೆಯ ನಿಂಬೆ ಮುಗಿಯಿತು. ನಾನು ಮೂಲೆ ಅಂಗಡಿಗೆ ಓಡಿ ಬುಟ್ಟಿ ಸಮೇತ ಎತ್ತಿಕೊಂಡು ಬಂದೆ.

"ರೀ, ನಾನು ಒಂದೇ ಒಂದು ತೊಟ್ಟು ನೋಡ್ಲಾ?" ಎಂದಳು ಹೆಂಡತಿ.

"ಹದಿಮೂರು ವರ್ಷದ ಕಾನೂನು ಇವತ್ತು ಮುರೀಬೇಕಾ? ನನ್ನ ನಾಲಿಗೆ ಮೇಲೆ ನಂಬಿಕೆ ಇಲ್ವಾ?"

ಪಾಪ, ಮೊಸರಿನ ಹೊಗಳಿಕೆಯ ಗುಂಗಿನಲ್ಲಿದ್ದಳು. ನಂಬಿದಳು.

ಕಂಟ್ರಾಕ್ಟರು ನಾಲ್ಕಕ್ಕೆ ಸರಿಯಾಗಿ ಬಂದು, ಬಿಸಿಲಿಗೆ ಬಾಯಾರಿದ್ದವರು ದೊಡ್ಡ ಗುಟುಕನ್ನೇ ಕುಡಿದರು. ಕಣ್ಣು ಎರಡೂ ಮುಚ್ಚಿದವು. ಒಂದು ತೆರೆಯಿತು, ಇನ್ನೊಂದು ತೆರೆಯಲಿಲ್ಲ. ರುಚಿಗೆ ಮೈಮರೆತಿದ್ದಾರೆ ಎಂದುಕೊಂಡು ನಾನು ಹೆಚ್ಚಿದ ಕಾಯಿ ಮುಂದಿಟ್ಟೆ. ದಾಕ್ಷಿಣ್ಯಕ್ಕೆ ಒಂದು ಹೋಳು ತಿಂದರು. ತೆರೆದಿದ್ದ ಕಣ್ಣೂ ಮುಚ್ಚಿತು.

"ಅಮ್ಮ, ನಮ್ಮ ಕ್ಯಾಂಟೀನಿಗೆ ಜನ ಹಲ್ಲು ಕಳ್ಕೊಳ್ಳೋಕೆ ಬರಲ್ಲ" ಎಂದು ಎದ್ದರು.

ಹೆಂಡತಿಯ ಕಣ್ಣಲ್ಲಿ ನೀರು. ನನಗೆ ತಡೆಯಲಾಗಲಿಲ್ಲ. ಇಡೀ ಲೋಟವನ್ನು ಗಟಗಟ ಕುಡಿದು, ತುಟಿ ಸವರಿಕೊಂಡು, "ಜೇನು ಸ್ವಾಮಿ, ಜೇನು" ಎಂದೆ. ಕಂಟ್ರಾಕ್ಟರು ನನ್ನ ಮೇಲೆ ಕಣ್ಣಿಟ್ಟೇ ಬಾಗಿಲ ಕಡೆ ಹಿಂದೆ ಹಿಂದೆ ಸರಿದರು.

ಸರಿದವರು ಅಜ್ಜಿಗೆ ಡಿಕ್ಕಿ ಹೊಡೆದರು. ಬಿಟ್ಟು ಹೋಗಿದ್ದ ಏಣಿ ಒಯ್ಯಲು ಬಂದಿದ್ದ ಅಜ್ಜಿ ನನ್ನ ಜೇಬಿನ ಕೆಂಪು ಕಲೆ ನೋಡಿದರು, ಬಕೆಟ್ಟು ನೋಡಿದರು, ಗೋಡೆ ಹಿಡಿದುಕೊಂಡು ನಕ್ಕರು.

"ಅವತ್ತು ಹೇಳೋಕೆ ಹೊರಟಿದ್ದು ಇದನ್ನೇ ಕಣಪ್ಪ. ಆ ಕೆಂಪು ಹಣ್ಣು ತಿಂದ ಬಾಯಿಗೆ ಒಂದೆರಡು ಗಂಟೆ ಹೊತ್ತು ಎಂಥ ಹುಳಿನೂ ಸಿಹಿ."

ಹೆಂಡತಿ ಒಳಗೆ ಓಡಿ, ಪಕ್ಕದ ಮನೆಗೆಂದು ಹಿಂದಿನ ದಿನ ತುಂಬಿಟ್ಟಿದ್ದ ಬಾಟಲಿ ತಂದಳು. ಅಜ್ಜಿ ಮೊದಲು ಕುಡಿದು ಧೈರ್ಯ ಕೊಟ್ಟ ಮೇಲೆ ಕಂಟ್ರಾಕ್ಟರು ಚೂರು ಕುಡಿದರು. ಮತ್ತೆ ಕುಡಿದರು. ಲೋಟ ಖಾಲಿ ಮಾಡಿ, ನಾಳೆಯಿಂದಲೇ ಕಳಿಸಿ ಎಂದರು.

"ಇದರ ರುಚಿ ನೋಡಿದ್ದು ಯಾರು?"

"ಯಾರೂ ನೋಡಿಲ್ಲ" ಎಂದಳು ಹೆಂಡತಿ. "ಅದಕ್ಕೇ ಹೀಗಿದೆ."

ಎಲ್ಲರೂ ಹೋದ ಮೇಲೆ ಅವಳು ಖಾಲಿ ಲೋಟ ತೊಳೆಯುತ್ತ ನನ್ನ ಕಡೆ ತಿರುಗಿದಳು. "ಹಾಗಾದ್ರೆ ಮಧ್ಯಾಹ್ನ ಮೊಸರು ಚೆನ್ನಾಗಿದೆ ಅಂದಿದ್ದು?" ಎಂದಳು. ಇನ್ನೂರು ಬಟ್ಟಲಿಗೆ ತೀರ್ಪು ಕೊಡುವ ನಾನು ಜೇಬಿನಲ್ಲಿ ಉಳಿದಿದ್ದ ಹಣ್ಣು ತೆಗೆದು ಅವಳ ಮುಂದಿಟ್ಟೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನದಿಂದ ನನ್ನ ತಟ್ಟೆಯ ಅಂಚಿಗೆ ಒಂದು ಕೆಂಪು ಹಣ್ಣು ಬರತೊಡಗಿತು. ಮೊದಲು ಇದು, ಆಮೇಲೆ ಊಟ, ಆಮೇಲೆ ಮಾತು ಎಂದು ಹೊಸ ಶಾಸನ. ನಾನು ಅದನ್ನು ಮೆಲ್ಲಗೆ ಜೇಬಿಗೆ ಜಾರಿಸಿ, ಊಟ ಮಾಡಿ, ಚೆನ್ನಾಗಿದೆ ಎನ್ನುತ್ತಿದ್ದೆ. ಸುಳ್ಳಲ್ಲ. ಹದಿಮೂರು ವರ್ಷವೂ ಚೆನ್ನಾಗಿಯೇ ಇತ್ತು!

ಶನಿವಾರ ಬಟ್ಟೆ ಒಗೆಯುವಾಗ ನನ್ನ ಜೇಬಿನಿಂದ ಆರು ಬಾಡಿದ ಹಣ್ಣು ಉದುರಿದವು. ಹೆಂಡತಿ ಒದ್ದೆ ಕೈಯಲ್ಲೇ ಬಂದು ಎದುರು ನಿಂತಳು. ಈಗ ಸಂತೋಷಕ್ಕೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾಳೆ ಎಂದು ನಾನು ಕಾದೆ.

"ಹಣ್ಣು ತಿನ್ನದೇನೇ ವಾರವೆಲ್ಲ ಚೆನ್ನಾಗಿದೆ ಅಂದ್ರಾ?"

ನಾನು ಹೆಮ್ಮೆಯಿಂದ ತಲೆಯಾಡಿಸಿದೆ.

"ಹಾಗಾದ್ರೆ ನಾಲಿಗೆ ಪೂರ್ತಿ ಕೆಟ್ಟಿದೆ. ಸೋಮವಾರ ಕಂಪನಿಗೆ ರಜ ಹಾಕಿ ಡಾಕ್ಟರಿಗೆ ತೋರ್ಸಿ."