ಎಂಬತ್ತನಾಲ್ಕು ಮೆಟ್ಟಿಲಿನ ಕೈಕಂಬಿ

ಲಾಂಡ್ರಿ ನಡೆಸುವ, ಕುಕ್ ಎಂಬ ಮನೆತನದ ಅಮ್ಮ ಬೆಳಗ್ಗೆಯೇ ಮೊಬೈಲು ಹಿಡಿದು ಬಾಗಿಲು ಬಡಿಯದಿದ್ದರೆ ನಿವೃತ್ತ ಕ್ಷೌರಿಕ ತಾಕ್ ಮಾನ್‌ಸಿಕ್‌ನ ದಿನ ಸುಖವಾಗಿಯೇ ಕಳೆಯುತ್ತಿತ್ತು.

“ತಾಕಣ್ಣಾ, ನೋಡಿಲ್ಲಿ! ಸರ್ಕಾರದ ಖರ್ಚೆಲ್ಲ ಈ ವೆಬ್‌ಸೈಟಲ್ಲಿ ಹಾಕ್ತಾರೆ. ನಮ್ಮ ಮೆಟ್ಟಿಲಿಗೆ ಕೈಕಂಬಿ ಹಾಕಿ ಆಯ್ತಂತೆ! ಒಂದು ಕೋಟಿ ಇಪ್ಪತ್ತು ಲಕ್ಷ ವಾನ್!”

ತಾಕ್ ಕನ್ನಡಕ ಒರೆಸಿಕೊಂಡು ಓದಿದ. ಹೊರಗೆ ಬಂದು ನೋಡಿದ. ಕೊರಿಯಾದ ಬುಸಾನ್ ನಗರದ ಆ ಗುಡ್ಡದ ಓಣಿಯಲ್ಲಿ ಮೆಟ್ಟಿಲು ಎಂಬತ್ತನಾಲ್ಕು, ಕಂಬಿ ಸೊನ್ನೆ. ಕಳೆದ ಚಳಿಗಾಲ ಅಲ್ಲೇ ಜಾರಿ ಅವನ ಹೆಂಡತಿ ಸೊಂಟ ಮುರಿದುಕೊಂಡಿದ್ದಳು. ಈಗ ಮತ್ತೆ ಡಿಸೆಂಬರ್. ಮೈಯೆಲ್ಲ ಉರಿದುಹೋಯಿತು.

ಓಣಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ಮೂವರು ಮುದುಕರು ಎದ್ದು ಬಂದರು. “ಟೇಬಲ್ ಗುದ್ದಿ ಕೇಳು!” ಎಂದ ಅವರಲ್ಲೊಬ್ಬ, ಹಿಂದೆ ಟ್ಯಾಕ್ಸಿ ಓಡಿಸುತ್ತಿದ್ದ ಪಾಂಗ್. “ನಾವೂ ಬರ್ತಿದ್ವಿ, ಮಂಡಿ ನೋವು ನೋಡು.”

ತಾಕ್ ಒಬ್ಬನೇ ಬಡಾವಣೆ ಕಚೇರಿಗೆ ನುಗ್ಗಿದ. ವಿಭಾಗದ ಮುಖ್ಯಸ್ಥ ಮ್ಯೋಂಗ್ ಕುರ್ಚಿ ಬಿಟ್ಟೆದ್ದು ನಡು ಬಗ್ಗಿಸಿದ.

“ತಾತಾ, ಊಟ ಆಯ್ತಾ?”

“ನಾನು ಊಟಕ್ಕೆ ಬಂದಿಲ್ಲ! ಕಂಬಿ ಎಲ್ಲಯ್ಯಾ?”

“ಹಸಿದ ಹಿರಿಯರನ್ನ ನಿಲ್ಲಿಸ್ಕೊಂಡು ಕಂಬಿ ಮಾತಾಡೋದಾ? ನಮ್ಮಪ್ಪ ಕೇಳಿದ್ರೆ ಬೈತಾರೆ. ಬನ್ನಿ.”

ಹೀಗೆ ಕರೆದರೆ ಒಲ್ಲೆ ಎನ್ನುವಷ್ಟು ಒರಟನಲ್ಲ ತಾಕ್. ಹೋಟೆಲಿನಲ್ಲಿ ಕೆಂಡದ ಮೇಲೆ ಹಾವುಮೀನು ಚುರುಗುಟ್ಟಿತು. ಮ್ಯೋಂಗ್ ಎರಡೂ ಕೈಯಲ್ಲಿ ಶೀಷೆ ಹಿಡಿದು ಸೋಜು ಮದ್ಯ ಬಗ್ಗಿಸಿದ. ಕಿರಿಯವನು ಹಾಗೆ ಬಗ್ಗಿಸಿದ ಮೇಲೆ ಕುಡಿಯದಿರುವುದುಂಟೇ? ಮೂರನೆಯ ಲೋಟಕ್ಕೆ ಕೋಪ ಅರ್ಧವಾಯಿತು.

“ಏನೋ ಗುಮಾಸ್ತರ ತಪ್ಪು, ತಾತಾ. ಮುಂದಿನ ವಾರ ಕಂಬಿ ಬರುತ್ತೆ. ಇಲ್ಲೊಂದು ಸಹಿ ಹಾಕಿ, ಬಂದಿದ್ರಿ ಅನ್ನೋದಕ್ಕೆ.”

ತಾಕ್ ಹಾಕಿದ. ಓದದೆ ಹಾಕಿದ.

ಸಂಜೆ ಕುಕ್ ಅಮ್ಮ ಮತ್ತೆ ಬಾಗಿಲು ಬಡಿದಳು. ಈ ಸಲ ಹಿಂದೆ ಮೂವರು ಮುದುಕರೂ ಇದ್ದರು. ಅವಳು ಅದೇ ವೆಬ್‌ಸೈಟು ತೆರೆದು ಗಟ್ಟಿಯಾಗಿ ಓದಿದಳು: “ಹೊಸ ಕೈಕಂಬಿಯ ಬಗ್ಗೆ ನಿವಾಸಿಗಳ ಮೆಚ್ಚುಗೆ ಸಭೆ. ತಾಕ್ ಮಾನ್‌ಸಿಕ್ ಮತ್ತು ನೆರೆಹೊರೆಯ ನಾಲ್ವರು, ಅಧಿಕಾರಿ ಸೇರಿ ಆರು ಮಂದಿ. ಹಾವುಮೀನು, ಎರಡು ಲಕ್ಷ ನಲವತ್ತು ಸಾವಿರ.”

“ನಾವು ನಾಲ್ವರು ಯಾವಾಗಯ್ಯಾ ತಿಂದ್ವಿ?” ಪಾಂಗ್ ಗುಡುಗಿದ. “ಇಲ್ಲದ ಕಂಬೀನ ಮೆಚ್ಕೊಂಡು ಬಂದ್ಯಾ, ನಾಚಿಕೆಗೆಟ್ಟೋನೆ!”

ತಾಕ್ ಮ್ಯೋಂಗ್‌ಗೆ ಫೋನು ಮಾಡಿದ. “ಎಲ್ಲಾ ಸುಳ್ಳು! ಮೇಲಿನವರಿಗೆ ದೂರು ಕೊಡ್ತೀನಿ!”

“ಕೊಡಿ ತಾತಾ,” ಎಂದ ಅವನು, ದನಿಯಲ್ಲಿ ಜೇನು. “ಆದ್ರೆ ಸರ್ಕಾರಿ ಖರ್ಚಿನ ಊಟ ತಲೆಗೆ ಐವತ್ತು ಸಾವಿರ ಮೀರಿದ್ರೆ ತಿಂದೋರಿಗೂ ದಂಡ. ನಾವಿಬ್ಬರೇ ಅಂದ್ರೆ ತಲೆಗೆ ಲಕ್ಷದಿಪ್ಪತ್ತು ಸಾವಿರ. ನಿಮ್ಮನ್ನ ಉಳಿಸೋಕೇ ನಾಲ್ಕು ತಲೆ ಸೇರಿಸಿದ್ದು.”

ಬಾಯಲ್ಲಿ ಬಿಸಿತುಪ್ಪ: ಉಗುಳುವಂತಿಲ್ಲ, ನುಂಗುವಂತಿಲ್ಲ. ಥೂ, ಕಳ್ಳತನವನ್ನು ಊರಿಗೆಲ್ಲ ಕಾಣುವಂತೆ ಬರೆದಿಟ್ಟು, ಅದಕ್ಕೆ ಅದನ್ನು ಕೇಳಲು ಹೋದವನದೇ ಸಹಿ!

“ಅವನೇನಂದ?” ಕುಕ್ ಅಮ್ಮ ಕೇಳಿದಳು. ತಾಕ್ ಎಲ್ಲ ಹೇಳಿದ. ನಾಲ್ವರೂ ಮುಖ ಮುಖ ನೋಡಿಕೊಂಡರು.

“ನಾವು ಬಾಯಿ ಬಿಡಲ್ಲ ಬಿಡು,” ಎಂದ ಪಾಂಗ್, ಮೃದುವಾಗಿ. “ಆದ್ರೆ ತಿನ್ನದೇ ತಿಂದ್ವಿ ಅನ್ನೋಕೆ ಮನಸ್ಸು ಬರಬೇಕಲ್ಲ!”

ತಾಕ್ ಹೆಂಡತಿಯ ಔಷಧಿಗೆಂದು ಎತ್ತಿಟ್ಟಿದ್ದ ನೋಟುಗಳನ್ನು ಜೇಬಿಗಿಳಿಸಿದ. ಮಂಡಿ ನೋವು ಎಲ್ಲಿ ಹೋಯಿತೋ, ನಾಲ್ವರೂ ಮೆಟ್ಟಿಲಿಳಿದು ಅವನಿಗಿಂತ ಮುಂಚೆ ಹಾವುಮೀನಿನ ಹೋಟೆಲು ತಲುಪಿದರು.

ಹೊಟ್ಟೆ ತುಂಬಿಸಿಕೊಂಡು ಮರಳುವಾಗ ಮೆಟ್ಟಿಲ ಮೇಲೆ ಆಗಲೇ ಇಬ್ಬನಿ ಹೆಪ್ಪುಗಟ್ಟಿತ್ತು. ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ. ಇಬ್ಬರು ಎಡಗೈಗೆ, ಇಬ್ಬರು ಬಲಗೈಗೆ ಜೋತುಬಿದ್ದು, ತಾಕ್‌ನನ್ನೇ ಹಿಡಿದುಕೊಂಡು ಎಂಬತ್ತನಾಲ್ಕು ಮೆಟ್ಟಿಲು ಹತ್ತಿದರು.